ಹೊಟ್ಟೆ ಯಾಕೆ ಬಂತು?

ಮಂಗಳೂರಿನ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕಂದಿರಲ್ಲಿ ಹಲವರು ಬೀಡಿ ಕಟ್ಟುವವರು. ಒಂದು ದಿನ ಒಬ್ಬ ಅಕ್ಕ ಕೇಳಿದರು:

"ಟೀಚರೇ, ನಾನು ಉಣ್ಣುವುದು ಮೊದಲಿನಷ್ಟೇ. ಮುಟ್ಟು ನಿಂತು ಎರಡು ವರ್ಷ ಆಯ್ತು. ಈಗ ಹೊಟ್ಟೆ ಮಾತ್ರ ದಪ್ಪ ಆಗ್ತಾ ಉಂಟು. ಯಾಕೆ?"

ಒಳ್ಳೆಯ ಪ್ರಶ್ನೆ. ಬನ್ನಿ, ತಿಳಿಯೋಣ.

ನಮ್ಮ ದೇಹದಲ್ಲಿ ಹಾರ್ಮೋನು ಎಂಬ ರಸಗಳಿವೆ. ಅವು ರಕ್ತದಲ್ಲಿ ಹರಿಯುತ್ತವೆ. ಅಂಚೆಯಣ್ಣನ ಹಾಗೆ ಅಂಗಗಳಿಗೆ ಸುದ್ದಿ ಮುಟ್ಟಿಸುತ್ತವೆ.

ಹೆಂಗಸರ ಅಂಡಾಶಯದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಆಗುತ್ತದೆ. ಮುಟ್ಟಿಗೆ, ಬಸಿರಿಗೆ ಅದು ಬೇಕು. ಮೈಯ ಕೊಬ್ಬನ್ನು ಹೆಚ್ಚಾಗಿ ಸೊಂಟದ ಕೆಳಗೆ, ತೊಡೆಯಲ್ಲಿ ಇಡಿಸುವುದೂ ಅದೇ. ಹೆಚ್ಚಿನವರಿಗೆ 45ರಿಂದ 55 ವರ್ಷದ ಒಳಗೆ ಮುಟ್ಟು ನಿಲ್ಲುತ್ತದೆ. ಆಗ ಈಸ್ಟ್ರೋಜನ್ ಬಹಳ ಕಡಿಮೆಯಾಗುತ್ತದೆ. ಕೊಬ್ಬು ಹೊಟ್ಟೆಯ ಒಳಗೆ ಸೇರತೊಡಗುತ್ತದೆ.

ಇದರಿಂದ ಏನು ತೊಂದರೆ? ನಾವು ಉಂಡ ಗಂಜಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದು ಮಾಂಸಖಂಡದ ಒಳಗೆ ಹೋಗಬೇಕು. ಅದಕ್ಕೆ ಬಾಗಿಲು ತೆರೆಯುವ ಕೀಲಿಕೈ ಇನ್ಸುಲಿನ್. ಇದೂ ಒಂದು ಹಾರ್ಮೋನು. ಹೊಟ್ಟೆಯೊಳಗೆ ಕೊಬ್ಬು ಹೆಚ್ಚಾದರೆ ಬೀಗಕ್ಕೆ ತುಕ್ಕು ಹಿಡಿದ ಹಾಗೆ. ಕೀಲಿಕೈ ಸರಿಯಾಗಿ ತಿರುಗುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇದೇ ಮುಂದೆ ಸಕ್ಕರೆ ಕಾಯಿಲೆ ಆಗಬಹುದು.

ಗಂಡಸರು ನಗಬೇಡಿ! ನಿಮ್ಮ ಹಾರ್ಮೋನು ಟೆಸ್ಟೋಸ್ಟಿರೋನ್. ಅದು ಕಡಿಮೆಯಾದರೂ ಹೊಟ್ಟೆ ಬರುತ್ತದೆ. ಹೊಟ್ಟೆ ಬಂದರೆ ಅದು ಇನ್ನೂ ಕಡಿಮೆಯಾಗುತ್ತದೆ.

ಮುಟ್ಟು ನಿಲ್ಲುವುದು ರೋಗವಲ್ಲ. ಹೆದರಬೇಡಿ. ವಯಸ್ಸು, ಕುಳಿತೇ ಮಾಡುವ ಕೆಲಸ, ಮನೆತನದಲ್ಲಿರುವ ಕಾಯಿಲೆ, ಇವೂ ಸೇರಿಕೊಳ್ಳುತ್ತವೆ. ವಯಸ್ಸನ್ನು ತಡೆಯಲಾಗದು. ಆದರೆ ನಡೆಯಬಹುದಲ್ಲ?

ನಾವು ಮಾಡಬೇಕಾದದ್ದು ಇಷ್ಟು:

ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡೋಣ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರಿಗಿಂತ ಕಡಿಮೆ ಇರಲಿ.

ಬೀಡಿಯ ಮೊರ ಬದಿಗಿಟ್ಟು ಗಂಟೆಗೊಮ್ಮೆ ಏಳೋಣ. ದಿನಾ ಅರ್ಧ ಗಂಟೆ ಬೀಸಾಗಿ ನಡೆಯೋಣ.

ಬಟ್ಟಲಲ್ಲಿ ಅನ್ನ ಸ್ವಲ್ಪ ಕಡಿಮೆ, ಬಸಳೆ, ಹೆಸರುಕಾಳು, ಬಂಗುಡೆ ಸ್ವಲ್ಪ ಹೆಚ್ಚು ಇರಲಿ.

ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸೋಣ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಎಚ್ಚರ. 126 ಅಥವಾ ಹೆಚ್ಚು ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಅವರು ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಕಾಯಿಲೆ ಹೌದೋ ಅಲ್ಲವೋ ಹೇಳುತ್ತಾರೆ.

ಆ ಅಕ್ಕ ಮೊನ್ನೆ ಪರೀಕ್ಷೆಯ ಚೀಟಿ ತಂದಿದ್ದರು. ನಾವು ಓದಿ ಹೇಳಲಿಲ್ಲ. ಅವರೇ ಬೆರಳಿಟ್ಟು ಓದಿದರು: "ನೂರ ಹದಿನೆಂಟು." ಸ್ವಲ್ಪ ಯೋಚಿಸಿ ಹೇಳಿದರು: "ಅಂದರೆ ಎಚ್ಚರ. ಕೈ ಮೀರಿಲ್ಲ."

ನಿಮ್ಮ ಚೀಟಿಯನ್ನು ನೀವೂ ಓದಿ.