ಓಡಿಸೋದು ಹೀರೋ... ನಿಲ್ಲಿಸೋದು ಯಾರು?

1968ರ ಹಾಲಿವುಡ್ ಚಿತ್ರ ‘ಬುಲಿಟ್’ ನೋಡಿದ್ದೀರಾ? ನೋಡಿಲ್ಲದಿದ್ದರೆ ಈ ಭಾನುವಾರವೇ ನೋಡಿಬಿಡಿ. ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳು. ಸ್ಟೀವ್ ಮೆಕ್ವೀನ್ ಕೈಯಲ್ಲಿ ಹಸಿರು ಮಸ್ಟಾಂಗ್, ಅವನ ಮುಂದೆ ಕರೀ ಡಾಡ್ಜ್ ಚಾರ್ಜರ್. ಸುಮಾರು ಹನ್ನೊಂದು ನಿಮಿಷದ ಚೇಸ್! ಡೈಲಾಗ್ ಇಲ್ಲ, ಬರೀ ಇಂಜಿನ್ ಗುಡುಗು, ಟೈರ್ ಕಿರುಚಾಟ.

ಅದರ ಮಧ್ಯೆ ಒಂದು ತಿರುವಿನಲ್ಲಿ ಮೆಕ್ವೀನ್ ನೇರ ಮುಂದಕ್ಕೆ ಹೋಗಿಬಿಡ್ತಾನೆ. ಚಕ್ರ ಕಚ್ಚಿಕೊಂಡು ಕಾರು ಜಾರುತ್ತೆ. ರಿವರ್ಸ್ ಹಾಕ್ತಾನೆ, ಟೈರಿನಿಂದ ಹೊಗೆಯೋ ಹೊಗೆ! ಅದು ಮೊದಲೇ ಬರೆದಿಟ್ಟ ದೃಶ್ಯವಲ್ಲ ಸ್ವಾಮಿ, ನಿಜವಾಗಿಯೂ ತಪ್ಪಿದ ತಿರುವು. ನಿರ್ದೇಶಕ ಪೀಟರ್ ಯೇಟ್ಸ್ ಅದನ್ನು ಕತ್ತರಿಸದೆ ಹಾಗೇ ಉಳಿಸಿಕೊಂಡರು. ಚಿತ್ರದ ಸಂಕಲನಕ್ಕೆ ಆಸ್ಕರ್ ಕೂಡ ಬಂತು.

ನಮ್ಮ ಹುಡುಗರು ಈ ಚಿತ್ರ ನೋಡಿ ಕೇಳೋದು ಒಂದೇ ಪ್ರಶ್ನೆ: ‘ಗುರೂ, ಇಂಜಿನ್ ಎಷ್ಟು ಸಿಸಿ?’ ಬ್ರೇಕ್ ಏನಿತ್ತು ಅಂತ ಕೇಳಿದವನನ್ನು ನಾನಿನ್ನೂ ಕಂಡಿಲ್ಲ. ಮಸ್ಟಾಂಗ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಅಷ್ಟೇ. ಶೂಟಿಂಗ್‌ಗೆ ಮುಂಚೆ ಮ್ಯಾಕ್ಸ್ ಬಾಲ್ಚೋವ್ಸ್ಕಿ ಅನ್ನೋ ರೇಸ್ ಕಾರಿನ ಪರಿಣತ ಎರಡೂ ಗಾಡಿಗಳ ಸಸ್ಪೆನ್ಷನ್ ಗಟ್ಟಿ ಮಾಡಿದ್ದ.

ನನ್ನ ಗೆಳೆಯನೂ ಇಂಜಿನ್ ಭಕ್ತನೇ. ಸೆಕೆಂಡ್ ಹ್ಯಾಂಡ್ ಟರ್ಬೊ ಹ್ಯಾಚ್‌ಬ್ಯಾಕ್ ತಗೊಂಡ, ರೀಮ್ಯಾಪ್ ಮಾಡಿಸಿ ಪವರ್ ಏರಿಸಿದ. ಆಮೇಲೆ ಎಲ್ಲಿಂದಲೋ ನಾಲ್ಕು ಪಿಸ್ಟನ್ನಿನ ಕೆಂಪು ಕ್ಯಾಲಿಪರ್, ತೂತು ಕೊರೆದ ದೊಡ್ಡ ಡಿಸ್ಕ್ ತಂದ. ಪರಿಚಯದ ಹುಡುಗನೊಬ್ಬ ಒಂದೇ ಮಧ್ಯಾಹ್ನದಲ್ಲಿ ಕೂಡಿಸಿಕೊಟ್ಟ. ಅಲಾಯ್ ಚಕ್ರದ ಸಂದಿಯಿಂದ ಆ ಕೆಂಪು ಮಿಂಚುತ್ತಿದ್ದರೆ... ಆಹಾ! ನಾನೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಪೆಡಲ್ ಮಾತ್ರ ಸ್ವಲ್ಪ ಮೆತ್ತಗಿತ್ತು. ‘ದೊಡ್ಡ ಕ್ಯಾಲಿಪರ್ ಅಲ್ವಾ ಮಗಾ, ಹಂಗೇ ಇರುತ್ತೆ’ ಅಂದ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು, ಇರಬಹುದು ಅಂದುಕೊಂಡೆ.

ಭಾನುವಾರ ನಸುಕಿನಲ್ಲಿ ನಂದಿಬೆಟ್ಟ ಹತ್ತಿದೆವು. ಇಳಿಯುವಾಗ ನಾಲ್ಕನೆಯದೋ ಐದನೆಯದೋ ತಿರುವು. ಎದುರಿಗೆ ಟೆಂಪೋ ಟ್ರಾವೆಲರ್. ಅವನು ಬ್ರೇಕ್ ಒತ್ತಿದ, ಪೆಡಲ್ ನೆಲಕ್ಕೆ ಹೋಯ್ತು. ಗಾಡಿ ನಿಲ್ಲಲಿಲ್ಲ! ಇನ್ನೊಂದು ಸಲ ಒತ್ತಿದ. ಅರ್ಧ ಹಿಡೀತು. ಮೂರರಿಂದ ಎರಡಕ್ಕೆ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದ. ಅದು ಆಯಿಲ್ ನಂಬಿಕೊಂಡ ಬ್ರೇಕ್ ಅಲ್ಲ, ಕೇಬಲ್ಲಿನಲ್ಲಿ ಹಿಂದಿನ ಚಕ್ರ ಹಿಡಿಯೋದು. ಅದೇ ನಮ್ಮ ಪ್ರಾಣ ಉಳಿಸಿತು. ಗುಡ್ಡದ ಕಡೆಯ ಚರಂಡಿಗೆ ಒಂದು ಚಕ್ರ ಇಳಿದು ಗಾಡಿ ನಿಂತಿತು. ಟೆಂಪೋದವರು ಕೊಟ್ಟ ಬೈಗುಳ ಇಲ್ಲಿ ಅಚ್ಚು ಹಾಕುವಂಥದ್ದಲ್ಲ.

ಗಾಡಿಯನ್ನು ಎಳೆಸಿಕೊಂಡು ಬೆಂಗಳೂರಿಗೆ ಬಂದೆವು. ಜೆ.ಸಿ. ರಸ್ತೆ ಗೊತ್ತಲ್ಲ? ಒಂದು ಕಾಲಕ್ಕೆ ಒಂದು ಕಡೆ ಭಾರತ್, ಶಿವಾಜಿ ಟಾಕೀಸು, ಇನ್ನೊಂದು ಕಡೆ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲು. ಅದರ ಹಿಂದಿನ ಸಂದಿಯಲ್ಲಿ ಒಬ್ಬ ಹಳೇ ಮೇಸ್ತ್ರಿ. ಚಕ್ರ ಬಿಚ್ಚಿ ನೋಡಿದವರೇ ನಕ್ಕರು.

‘ಏನಪ್ಪಾ, ನಿಪ್ಪಲ್ ಕೆಳಗಡೆ ಇದೆಯಲ್ಲಾ?’

ವಿಷಯ ಇಷ್ಟೇ. ಕ್ಯಾಲಿಪರ್‌ನಲ್ಲಿ ಗಾಳಿ ತೆಗೆಯೋ ನಿಪ್ಪಲ್ ಯಾವಾಗಲೂ ಮೇಲ್ಗಡೆ ಇರಬೇಕು. ಗಾಳಿಗುಳ್ಳೆ ಮೇಲಕ್ಕೇ ತಾನೇ ಏರೋದು? ನಮ್ಮ ಹುಡುಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂಡಿಸಿದ್ದ. ಎಷ್ಟು ಸಲ ಬ್ಲೀಡ್ ಮಾಡಿದರೂ ಕೆಳಗಿಂದ ಆಯಿಲ್ ಬರುತ್ತೆ, ಗಾಳಿ ಮೇಲೆ ಹಾಯಾಗಿ ಕೂತಿರುತ್ತೆ. ಆಯಿಲ್ ಒತ್ತಿದರೆ ಕುಗ್ಗೋದಿಲ್ಲ, ಗಾಳಿ ಕುಗ್ಗುತ್ತೆ. ಅದಕ್ಕೇ ಮೆತ್ತನೆ ಪೆಡಲ್.

‘ಅಣ್ಣಾ, ದೊಡ್ಡ ಪಿಸ್ಟನ್ ಇದ್ರೆ ಪೆಡಲ್ ಉದ್ದ ಹೋಗಲ್ವಾ?’ ಗೆಳೆಯ ವಾದಕ್ಕಿಳಿದ.

‘ಹೋಗುತ್ತೆ. ಮಾಸ್ಟರ್ ಸಿಲಿಂಡರ್ ಚಿಕ್ಕದು, ಕ್ಯಾಲಿಪರ್ ದೊಡ್ಡದು ಆದ್ರೆ ಉದ್ದ ಹೋಗುತ್ತೆ, ಆದ್ರೆ ಕೊನೆಗೆ ಗಟ್ಟಿಯಾಗಿ ನಿಲ್ಲುತ್ತೆ. ಸ್ಪಂಜು ಥರಾ ಇದ್ದು, ಎರಡು ಸಲ ಪಂಪ್ ಮಾಡಿದ್ರೆ ಮೇಲೆ ಬಂತು ಅಂದ್ರೆ ಮೊದಲು ಗಾಳಿ ಅಂತಲೇ ನೋಡ್ಬೇಕು.’

ಆಮೇಲೆ ಬಾಟಲಿಗೆ ಹಳೇ ಬ್ರೇಕ್ ಆಯಿಲ್ ಬಗ್ಗಿಸಿ ತೋರಿಸಿದರು. ಕಾಫಿ ಬಣ್ಣ! ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ಮಾನದಂಡ. ನೀರು ಹೀರಿದ ಮೇಲೆ ಅದು 140ಕ್ಕೆ ಇಳಿಯುತ್ತೆ. ಡಾಟ್ 4ಕ್ಕೆ 230 ಮತ್ತು 155. ಕುದಿದರೆ ಆವಿ, ಆವಿ ಅಂದರೆ ಮತ್ತೆ ಅದೇ ಕುಗ್ಗುವ ಗುಳ್ಳೆ. ಹೀಗೆ ನಮ್ಮ ಗಾಡಿಯಲ್ಲಿ ವಿಲನ್ ಒಬ್ಬನಲ್ಲ, ಇಬ್ಬರು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅಂತ ಎಷ್ಟೋ ಕಂಪನಿಗಳು ಹೇಳೋದು ಸುಮ್ಮನೆ ಅಲ್ಲ. ಒಂದು ಎಚ್ಚರಿಕೆ: ಡಾಟ್ 5.1 ಬೇರೆ, ಡಾಟ್ 5 ಬೇರೆ. ಡಾಟ್ 5 ಸಿಲಿಕೋನಿನದು, ಉಳಿದವುಗಳ ಜೊತೆ ಬೆರೆಸಲೇಬಾರದು.

ಬ್ರೇಕಿನ ಕೆಲಸ ಅಂದರೆ ವೇಗವನ್ನು ಬಿಸಿ ಮಾಡೋದು. 1100 ಕಿಲೋ ಕಾರು ನೂರು ಕಿಲೋಮೀಟರ್ ವೇಗದಿಂದ ಒಂದೇ ಸಲ ನಿಂತರೆ, ಹುಟ್ಟೋ ಬಿಸಿಗೆ ಒಂದೂಕಾಲು ಲೀಟರ್ ತಣ್ಣೀರು ಕುದಿಯೋ ಮಟ್ಟಕ್ಕೆ ಬರುತ್ತೆ! ವೇಗ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಬೆಟ್ಟ ಇಳಿಯುವಾಗ ಆ ಬಿಸಿ ಆರೋಕೆ ಪುರುಸೊತ್ತೇ ಸಿಗೋದಿಲ್ಲ. ದೊಡ್ಡ ಡಿಸ್ಕಿನ ಉಪಯೋಗ ಇರೋದು ಅಲ್ಲಿ: ಹೆಚ್ಚು ಬಿಸಿ ತಡೆಯುತ್ತೆ, ಬೇಗ ಆರಿಸುತ್ತೆ. ಆದರೆ ಒಂದೇ ಒಂದು ಸಲ ಗಕ್ಕನೆ ನಿಲ್ಲೋಕೆ? ಅಲ್ಲಿ ರಸ್ತೆ ಹಿಡಿಯೋದು ಟೈರ್ ಕಣ್ರೀ. ಚಕ್ರ ಕಚ್ಚುವಷ್ಟು ಶಕ್ತಿ ಕಂಪನಿ ಬ್ರೇಕಿಗೇ ಇರುತ್ತೆ. ಸವೆದ ಟೈರ್ ಇಟ್ಟುಕೊಂಡು ಕೆಂಪು ಕ್ಯಾಲಿಪರ್ ಹಾಕೋದು ಹರಿದ ಚಪ್ಪಲಿಗೆ ಪಾಲಿಶ್ ಹೊಡೆದ ಹಾಗೆ.

ಹಾಗಾದರೆ ಏನು ಹಾಕಿಸಬೇಕು? ಮೇಸ್ತ್ರಿ ಮಾತಿನಂತೆ ಮೊದಲು ಒಳ್ಳೆ ಟೈರು, ಹೊಸ ಡಾಟ್ 4, ಒಂದು ಮಟ್ಟ ಮೇಲಿನ ರಸ್ತೆ ಪ್ಯಾಡು. ರೇಸ್ ಪ್ಯಾಡ್ ಆಸೆಗೆ ಬೀಳಬೇಡಿ. ತಣ್ಣಗಿದ್ದಾಗ ಅವು ಸರಿಯಾಗಿ ಹಿಡಿಯೋದೇ ಇಲ್ಲ, ಮೇಲೆ ಕಿವಿ ಕಿತ್ತುಹೋಗೋ ಹಾಗೆ ಕಿರುಚುತ್ತವೆ. ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವವರಿಗೆ ದೊಡ್ಡ ಡಿಸ್ಕ್ ಬೇಕು, ನಿಜ. ಅಲ್ಲೂ ತೂತಿನ ಡಿಸ್ಕ್ ಬಿಸಿಗೆ ತೂತಿನಿಂದಲೇ ಬಿರುಕು ಬಿಡುತ್ತೆ, ಗೀರು ಕೊರೆದದ್ದು ವಾಸಿ. ಕೊಳ್ಳೋ ಮುಂಚೆ ಚಕ್ರದ ಒಳಗೆ ಜಾಗ ಇದೆಯಾ ಅಂತ ಅಳತೆ ನೋಡಿ. ಹಿಂದಿನ ಬ್ರೇಕ್ ಮಾತ್ರ ಲೆಕ್ಕವಿಲ್ಲದೆ ದೊಡ್ಡದು ಮಾಡಬೇಡಿ, ಹಿಂದಿನ ಚಕ್ರ ಮೊದಲು ಕಚ್ಚಿದರೆ ಗಾಡಿ ಬುಗುರಿ!

ಹೊಸ ಪ್ಯಾಡ್ ಹಾಕಿಸಿದ ದಿನವೇ ಹೀರೋ ಆಗೋದೂ ತಪ್ಪು. ಖಾಲಿ ರಸ್ತೆಯಲ್ಲಿ ಅರವತ್ತರಿಂದ ಹತ್ತಕ್ಕೆ ಪೂರ್ತಿ ನಿಲ್ಲಿಸದೆ ಹಲವು ಸಲ ಇಳಿಸಿ, ಆಮೇಲೆ ಬ್ರೇಕ್ ಮುಟ್ಟದೆ ಒಂದಷ್ಟು ದೂರ ಓಡಿಸಿ ಆರಿಸಬೇಕು. ಪ್ಯಾಡ್ ಡಬ್ಬಿಯಲ್ಲೇ ಚೀಟಿ ಇರುತ್ತೆ, ನಾವು ಅದನ್ನು ಬಿಸಾಕಿದ್ದೆವು. ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗಿದರೆ ‘ಡಿಸ್ಕ್ ಬೆಂಡ್’ ಅಂತ ಹೊಸದಕ್ಕೆ ದುಡ್ಡು ಕೀಳ್ತಾರೆ. ಎಷ್ಟೋ ಸಲ ಅದು ಪ್ಯಾಡಿನ ಪದರ ಅಲ್ಲಲ್ಲಿ ಅಂಟಿದ್ದು, ಇಲ್ಲಾ ಹಬ್ ಮೇಲಿನ ತುಕ್ಕು. ಒಂದೇ ಕಡೆ ಎಳೆದರೆ ಪಿಸ್ಟನ್ ಹಿಡಿದುಕೊಂಡಿದೆಯಾ, ಹೋಸ್ ಪೈಪ್ ಒಳಗೇ ಮುಚ್ಚಿಕೊಂಡಿದೆಯಾ ನೋಡಿಸಿ.

ಮೇಸ್ತ್ರಿ ಕ್ಯಾಲಿಪರ್ ಅದಲುಬದಲು ಮಾಡಿ ಹೊಸ ಆಯಿಲ್ ತುಂಬಿದರು. ಪೆಡಲ್ ಮೇಲೆ ನನ್ನ ಕಾಲು, ನಿಪ್ಪಲ್ಲಿಗೆ ಪೈಪ್. ‘ಒತ್ತು... ಹಿಡಿ... ಬಿಡು.’ ಗುಳ್ಳೆ ಬಂತು ನೋಡಿ, ಗೋಲಿಸೋಡಾ ಥರ! ಹತ್ತನೇ ಸಲಕ್ಕೆ ಪೆಡಲ್ ಕಲ್ಲಾಯಿತು.

ಮೊನ್ನೆ ರಾತ್ರಿ ಇಬ್ಬರೂ ‘ಬುಲಿಟ್’ ಮತ್ತೆ ನೋಡಿದೆವು. ಮೆಕ್ವೀನ್ ಆ ತಿರುವು ತಪ್ಪುವಾಗ ಪಕ್ಕಕ್ಕೆ ನೋಡಿದರೆ, ನನ್ನ ಗೆಳೆಯ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದಿದ್ದ.