ಟ್ಯಾಕ್ಸಿ ಗಾಡಿ ಅಂತ ಲಿವಾ ಬಿಡಬೇಡಿ. ಅಡಿಯಲ್ಲಿ ಬಗ್ಗಿ ನೋಡದೆ ತೆಗೊಳ್ಳಲೂ ಬೇಡಿ

ಆದಿ ಉಡುಪಿ: ಸೆಕೆಂಡ್ ಹ್ಯಾಂಡ್ ಕಾರು ಹುಡುಕಲು ಹೊರಟವರ ಬಾಯಲ್ಲಿ ಮೊದಲು ಬರುವುದು ಸ್ವಿಫ್ಟ್, ವ್ಯಾಗನ್ ಆರ್, ಆಲ್ಟೋ. ಅದು ಸಿಗದಿದ್ದರೆ ಐ10. ಟೊಯೊಟಾ ಎಟಿಯೋಸ್ ಲಿವಾ ಒಂದಿದೆ, ನೋಡುತ್ತೀರಾ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಬೇಡ ಮಾರ್ರೆ, ಅದು ಟ್ಯಾಕ್ಸಿ ಗಾಡಿ."

ಈ ಒಂದು ಮಾತಿನಿಂದಲೇ ಲಿವಾಕ್ಕೆ ಗಿರಾಕಿ ಕಡಿಮೆ. ಗಿರಾಕಿ ಕಡಿಮೆಯಾದ್ದರಿಂದ ಅದೇ ವರ್ಷದ, ಅಷ್ಟೇ ಓಡಿದ ಸ್ವಿಫ್ಟ್‌ಗಿಂತ ಸಾಮಾನ್ಯವಾಗಿ ಕಡಿಮೆ ಬೆಲೆಗೆ ಸಿಗುತ್ತದೆ. ಅಂಗಡಿ ಉಳಿತಾಯದ ಮೇಲೆ ಸೊಸೈಟಿಯಿಂದ ಒಂದಿಷ್ಟು ಸಾಲ ಸೇರಿಸಿ ಕಾರು ತೆಗೆಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಕಡಿಮೆಗೆ ಸಿಕ್ಕಿತು ಎಂದು ಕಣ್ಣುಮುಚ್ಚಿ ತೆಗೆದರೆ ಉಳಿದ ದುಡ್ಡು ಎರಡೇ ಮಳೆಗಾಲದಲ್ಲಿ ಟಿಂಕರಿಂಗ್ ಶೆಡ್ಡಿಗೆ ಹೋಗುತ್ತದೆ. ಕರಾವಳಿಯಲ್ಲಿ ಈ ಗಾಡಿ ಕೊಳ್ಳುವವರು ಎಂಜಿನಿಗೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ತುಕ್ಕಿಗೆ ಮತ್ತು ಕಾಗದಪತ್ರಕ್ಕೆ.

ಲಿವಾ ನಮ್ಮ ರಾಜ್ಯದ್ದೇ ಗಾಡಿ. ರಾಮನಗರ ಬಳಿಯ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಡಿಕ್ಕಿ ಇರುವ ಎಟಿಯೋಸ್ ಸೆಡಾನ್ 2010ರ ಡಿಸೆಂಬರಿನಲ್ಲಿ ಬಂತು, ಡಿಕ್ಕಿ ಇಲ್ಲದ ಲಿವಾ 2011ರ ಜೂನಿನಲ್ಲಿ. ಬಿಎಸ್ 6 ನಿಯಮ ಜಾರಿಯಾದ 2020ರಲ್ಲಿ ಎರಡನ್ನೂ ಕಂಪನಿ ನಿಲ್ಲಿಸಿತು. ಟ್ಯಾಕ್ಸಿಯವರು ಮುಗಿಬಿದ್ದು ಕೊಂಡದ್ದು ಮುಖ್ಯವಾಗಿ ಸೆಡಾನನ್ನು. ಅದರ ಡಿಕ್ಕಿ 590 ಲೀಟರಿಗಿಂತ ದೊಡ್ಡದು, ವಿಮಾನ ನಿಲ್ದಾಣಕ್ಕೆ ಹೋಗುವ ಒಂದು ಕುಟುಂಬದ ಅಷ್ಟೂ ಪೆಟ್ಟಿಗೆ ಹಿಡಿಯುತ್ತದೆ. ಹೆಸರು ಕೆಟ್ಟದ್ದು ಮಾತ್ರ ಇಬ್ಬರದ್ದೂ. ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡಿಸಿ ಹೊಟ್ಟೆ ಹೊರೆಯುವವರು ಒಂದು ಗಾಡಿಯನ್ನು ಆರಿಸುತ್ತಾರೆ ಎಂದರೆ ಅದು ದೂರೋ ಶಿಫಾರಸೋ ಎಂಬುದನ್ನು ಓದುಗರೇ ಯೋಚಿಸಬೇಕು.

ಪೆಟ್ರೋಲ್ ಲಿವಾದ್ದು 1197 ಸಿಸಿ ಎಂಜಿನ್, ಡೀಸೆಲ್‌ನದ್ದು 1364 ಸಿಸಿ. ಎರಡರಲ್ಲೂ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಲಕ್ಷ ಕಿಲೋಮೀಟರ್ ಹತ್ತಿರ ಬಂದಾಗ ಬೆಲ್ಟ್ ಬದಲಿಸುವ ದೊಡ್ಡ ಖರ್ಚು ಇಲ್ಲ ಎಂದಾಯಿತು. ಹಿಂದಿನ ಸೀಟಿನ ಎದುರು ನೆಲ ಹೆಚ್ಚುಕಡಿಮೆ ಸಮತಟ್ಟು, ನಡುವೆ ಕೂತವರಿಗೂ ಕಾಲಿಡಲು ಜಾಗ. ಪೇಟೆಯ ಸಣ್ಣ ಗಲ್ಲಿಯಲ್ಲಿ ತಿರುಗಿಸುವುದು ಸುಲಭ. ಸಾಮಾನು ತುಂಬಿಸುವ ಜಾಗ 251 ಲೀಟರ್, ಅದು ದೊಡ್ಡದಲ್ಲ. ಹಿಂದಿನ ಸೀಟು ಮಡಚಿದರೆ ಅಂಗಡಿಗೆ ಬೇಕಾದ ನಾಲ್ಕಾರು ರಟ್ಟಿನ ಪೆಟ್ಟಿಗೆ ತರಬಹುದು.

ಕೊರತೆಗಳೂ ಇವೆ. ಸ್ಪೀಡೋಮೀಟರ್ ಇರುವುದು ಚಾಲಕರ ಎದುರಲ್ಲ, ಡ್ಯಾಶ್‌ಬೋರ್ಡಿನ ನಡುವೆ. ಮೊದಲ ವಾರ ಕಣ್ಣು ತಪ್ಪುತ್ತದೆ, ಆಮೇಲೆ ಅಭ್ಯಾಸ. ಒಳಗಿನ ಪ್ಲಾಸ್ಟಿಕ್, ಅದರಲ್ಲೂ ಮೊದಲೆರಡು ವರ್ಷದ ಗಾಡಿಗಳದ್ದು, ಕಳಪೆಯಾಗಿ ಕಾಣುತ್ತದೆ. ಎದುರು ಗಾಜಿಗೆ ಒಂದೇ ವೈಪರ್. ಇದು ಬೆಂಗಳೂರಿನವರಿಗೆ ತಮಾಷೆ ಇರಬಹುದು. ಜುಲೈಯಲ್ಲಿ ಅಂಬಲಪಾಡಿಯಿಂದ ಕಾಪುವಿಗೆ ಹೆದ್ದಾರಿಯಲ್ಲಿ ಹೋಗುವವರಿಗೆ ಅಲ್ಲ. ಎರಡಿದ್ದರೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ, ಇದರಲ್ಲಿ ಇಲ್ಲ. ಗಾಡಿ ನೋಡಲು ಹೋದಾಗ ನೀರು ಹಾಕಿಸಿ ವೈಪರ್ ಓಡಿಸಿ, ಗಾಜಿನ ಮೇಲೆ ಅರ್ಧ ವೃತ್ತದ ಗೀರು ಬಿದ್ದಿದೆಯೇ ನೋಡಿ. ಬ್ಲೇಡನ್ನು ಮೇ ತಿಂಗಳಲ್ಲೇ ಬದಲಿಸುವ ರೂಢಿ ಮಾಡಿಕೊಳ್ಳಿ.

ಇನ್ನು ತುಕ್ಕು. ಉಪ್ಪಿನ ಗಾಳಿ ಮತ್ತು ನಾಲ್ಕು ತಿಂಗಳ ಮಳೆ ಸೇರಿದಾಗ ಕಬ್ಬಿಣಕ್ಕೆ ಏನಾಗುತ್ತದೆ ಎಂದು ಮಲ್ಪೆ, ಕಲ್ಮಾಡಿ, ಕಾಪುವಿನವರಿಗೆ ಹೇಳಬೇಕಾಗಿಲ್ಲ, ಮನೆಯ ಗೇಟೇ ಸಾಕ್ಷಿ. ಅದೇ ವರ್ಷದ ಕಾರು ಕಾರ್ಕಳ ಕಡೆಯದ್ದಾದರೆ ಅಡಿ ಗಟ್ಟಿ ಇರುವ ಸಂಭವ ಹೆಚ್ಚು. ಮೇಲಿನ ಪೈಂಟ್ ನೋಡಿ ಮರುಳಾಗಬೇಡಿ. ಪಾಲಿಶ್ ಹೊಡೆಸಿದರೆ ಯಾವ ಗಾಡಿಯೂ ಹೊಳೆಯುತ್ತದೆ. ಗ್ಯಾರೇಜಿನ ರ್‍ಯಾಂಪಿಗೆ ಹತ್ತಿಸಿ, ಟಾರ್ಚ್ ಹಿಡಿದು ಅಡಿಯಿಂದ ನೋಡಿ. ಜ್ಯಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಶನ್ ಕೂರುವ ಭಾಗ, ಬ್ರೇಕ್ ಪೈಪ್, ಸೈಲೆನ್ಸರ್. ಮೇಲ್ಮೈಯ ಕಂದು ತುಕ್ಕು ಉಜ್ಜಿದರೆ ಹೋಗುತ್ತದೆ, ಅದಕ್ಕೆ ಬೆಲೆ ಇಳಿಸಿ ಕೇಳಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಪದರ ಉದುರಿದರೆ, ಅದೂ ಸಸ್ಪೆನ್ಶನ್ ಹತ್ತಿರ ಉದುರಿದರೆ, ಚೌಕಾಸಿ ಮಾಡದೆ ಮನೆಗೆ ಬನ್ನಿ. ಅಡಿಯಲ್ಲಿ ಈಗಷ್ಟೇ ದಪ್ಪಗೆ ಕಪ್ಪು ಕೋಟಿಂಗ್ ಬಳಿದಿದ್ದರೆ ಯಾಕೆ ಬಳಿದರು ಎಂದು ಕೇಳಬೇಕು.

ಹಿಂದಿನ ಬಾಗಿಲು ತೆರೆದು ಕಾರ್ಪೆಟ್ ಎತ್ತಿ, ಸ್ಟೆಪ್ನಿ ಹೊರಗೆ ತೆಗೆಸಿ. ಬಂದರಿನ ಹತ್ತಿರದ ಕೆಲವು ಗಾಡಿಗಳು ಒಮ್ಮೆಯಾದರೂ ಮೀನಿನ ಪೆಟ್ಟಿಗೆ ಹೊತ್ತಿರುತ್ತವೆ. ಉಪ್ಪು ಮಿಶ್ರಿತ ಐಸ್ ನೀರು ಸ್ಟೆಪ್ನಿ ಗುಂಡಿಗೆ ಇಳಿದರೆ ಒಳಗಿಂದಲೇ ತಿನ್ನುತ್ತದೆ. ಎಷ್ಟು ಪರ್ಫ್ಯೂಮ್ ಹೊಡೆದರೂ ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿ ಬಾಗಿಲು ತೆರೆದರೆ ಮೂಗಿಗೆ ಗೊತ್ತಾಗುತ್ತದೆ.

ನೆರೆಯ ವಿಷಯವೂ ಇದೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ನಗರದ ತಗ್ಗು ಪ್ರದೇಶಗಳಲ್ಲಿ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ, ಎಷ್ಟೋ ವಾಹನ ಮುಳುಗಿದ್ದವು. ಮುಳುಗಿದ ಗಾಡಿ ತೊಳೆದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ, ಕೆಸರಿನ ಗೆರೆ ಇದ್ದರೆ ಅಲ್ಲಿ ಸಿಗುತ್ತದೆ. ಸೀಟಿನ ಅಡಿಯ ಬೋಲ್ಟ್ ತುಕ್ಕು ಹಿಡಿದಿದ್ದರೂ ಅನುಮಾನಿಸಿ.

ಊರಿನಲ್ಲಿ ಇನ್ನೊಂದು ಬಗೆಯ ಗಾಡಿ ಮಾರಾಟಕ್ಕೆ ಬರುತ್ತದೆ: ಗಲ್ಫಿನಲ್ಲಿರುವವರ ಕಾರು. ಮಾಲಕರು ವರ್ಷಕ್ಕೊಮ್ಮೆ ರಜೆಗೆ ಬಂದಾಗ ಓಡಿಸಿ, ಉಳಿದ ದಿನ ಶೆಡ್ಡಿನಲ್ಲಿ ನಿಲ್ಲಿಸಿದ್ದು. ಮೀಟರಿನಲ್ಲಿ ಇಪ್ಪತ್ತೈದು ಸಾವಿರ ನೋಡಿ ಹಿಗ್ಗುವ ಮೊದಲು ಟಯರ್ ಮೇಲಿನ ತಯಾರಿಕೆಯ ವಾರ, ವರ್ಷದ ನಾಲ್ಕಂಕಿ ಓದಿ. ಗುಂಡಿ ಎಷ್ಟೇ ಇದ್ದರೂ ಏಳೆಂಟು ವರ್ಷದ ಟಯರಿನ ರಬ್ಬರ್ ಗಟ್ಟಿಯಾಗಿರುತ್ತದೆ. ಬ್ಯಾಟರಿ ಹೋಗಿರುತ್ತದೆ, ಬಾನೆಟ್ ಒಳಗೆ ಇಲಿ ವಯರ್ ಕಡಿದಿರುತ್ತದೆ. ಈ ಖರ್ಚು ಲೆಕ್ಕ ಹಾಕಿಯೂ ಅಂಥ ಗಾಡಿ ಹೆಚ್ಚಾಗಿ ಲಾಭವೇ.

ಮುಂಬೈ, ದೆಹಲಿ ನಂಬರಿನದ್ದು ಬೇರೆ ಕತೆ. ದೆಹಲಿಯಲ್ಲಿ ಡೀಸೆಲ್‌ಗೆ ಮತ್ತು ಪೆಟ್ರೋಲಿಗೆ ಹಾಕಿದ ವಯಸ್ಸಿನ ಮಿತಿಯ ಕಾರಣಕ್ಕೆ ಗಾಡಿಗಳು ದಕ್ಷಿಣಕ್ಕೆ ಅಗ್ಗದಲ್ಲಿ ಬರುತ್ತವೆ. ಕರ್ನಾಟಕದಲ್ಲಿ ಆ ಮಿತಿ ಇಲ್ಲ ಎಂಬುದು ನಿಜ. ಆದರೆ ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇರುವುದಾದರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿನ ಜೀವಿತಾವಧಿ ತೆರಿಗೆ ಕಟ್ಟಬೇಕು. ತೆರಿಗೆ ಎಷ್ಟಾಗುತ್ತದೆಂದು ಆರ್‌ಟಿಒದಲ್ಲಿ ಕೇಳಿ ತಿಳಿದ ಮೇಲೆ 'ಅಗ್ಗ' ಉಳಿಯಿತೇ ನೋಡಿ.

ಯಾವ ವರ್ಷದ್ದು ಒಳ್ಳೆಯದು? ಕೈಗೆಟಕಿದರೆ 2016ರ ಕೊನೆಯ ನಂತರದ್ದು. ಆ ಹೊಸ ರೂಪದಲ್ಲಿ ಕಡಿಮೆ ದರದ ಮಾದರಿಗೂ ಎದುರಿನ ಎರಡು ಏರ್‌ಬ್ಯಾಗ್, ಎಬಿಎಸ್ ಕೊಟ್ಟರು. ಅದೇ 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಹೊಡೆಸಿ ನಡೆಸಿದ ಪರೀಕ್ಷೆಯಲ್ಲಿ ಎಟಿಯೋಸ್‌ಗೆ ದೊಡ್ಡವರ ಸುರಕ್ಷತೆಗೆ 4 ಸ್ಟಾರ್ ಬಂತು, ಮಕ್ಕಳ ಸುರಕ್ಷತೆಗೆ 2. ಆಗಿನ ಸಣ್ಣ ಕಾರುಗಳಲ್ಲಿ 4 ಸ್ಟಾರ್ ಅಪರೂಪ. ಆದರೆ ಅದು ಏರ್‌ಬ್ಯಾಗ್ ಇದ್ದ ಗಾಡಿಯ ಅಂಕ. ಆರಂಭದ ವರ್ಷಗಳ ಅಗ್ಗದ ಮಾದರಿಗಳಲ್ಲಿ ಏರ್‌ಬ್ಯಾಗೇ ಇರಲಿಲ್ಲ. 'ಫೋರ್ ಸ್ಟಾರ್ ಗಾಡಿ' ಎಂದು ಬ್ರೋಕರ್ ಹೇಳಿದರೆ ಸ್ಟಿಯರಿಂಗ್ ನೋಡಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತದೇ ಇದ್ದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ.

ಪೆಟ್ರೋಲೋ ಡೀಸೆಲೋ ಎಂಬ ಪ್ರಶ್ನೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ದಿನಾ ಮಂಗಳೂರಿಗೆ ಹೋಗಿಬರುವವರಿಗೆ ಡೀಸೆಲ್ ಸರಿ. ಮನೆ, ಅಂಗಡಿ, ಭಾನುವಾರ ಒಂದು ಮದುವೆ ಎನ್ನುವವರಿಗೆ ಪೆಟ್ರೋಲ್ ಸಾಕು. ಹಳೆ ಡೀಸೆಲ್‌ನಲ್ಲಿ ಇಂಜೆಕ್ಟರೋ ಟರ್ಬೋ ಹೋದರೆ ಮೈಲೇಜಿನಲ್ಲಿ ಉಳಿಸಿದ್ದು ಒಂದೇ ಬಿಲ್ಲಿಗೆ ಮುಗಿಯುತ್ತದೆ. ಪೆಟ್ರೋಲ್ ತೆಗೆಯುವವರಿಗೆ ಈಗ ಶೇ 20 ಎಥೆನಾಲ್ ಬೆರೆಸಿದ ಇಂಧನದ ಚಿಂತೆ ಇದೆ. ಲಿವಾ ಅದಕ್ಕೂ ಮೊದಲಿನ ಗಾಡಿ, ಹಾಗಾಗಿ ಇಂಧನ ಪೈಪು, ರಬ್ಬರ್ ಸೀಲುಗಳನ್ನು ಮೆಕ್ಯಾನಿಕ್‌ಗೆ ತೋರಿಸಿ. ತಿಂಗಳುಗಟ್ಟಲೆ ಓಡಿಸದೆ ಅದೇ ಪೆಟ್ರೋಲ್ ಟ್ಯಾಂಕಿನಲ್ಲಿ ಬಿಡಬೇಡಿ.

ಓಡಿಸಿ ನೋಡಲು ಆದಿ ಉಡುಪಿಯವರಿಗೆ ಬೇರೆ ರಸ್ತೆ ಬೇಡ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ಕರಾವಳಿ ಜಂಕ್ಷನ್, ಕಲ್ಸಂಕ, ಕಡಿಯಾಳಿ ದಾಟಿ ಇಂದ್ರಾಳಿಯಿಂದ ಮಣಿಪಾಲಕ್ಕೆ ನಾಲ್ಕು ಜನ ಕೂತು, ಎಸಿ ಹಾಕಿ ಹತ್ತಿಸಿ. ಎಂಜಿನ್ ಏದುಸಿರು ಬಿಟ್ಟು ಗಾಡಿ ಏರದಿದ್ದರೆ ಕ್ಲಚ್ ಹೋಗಿದೆ. ಇಳಿಯುವಾಗ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆಯೇ, ಹಂಪಿನಲ್ಲಿ ಎದುರಿನಿಂದ ಟಕಟಕ ಸದ್ದು ಬರುತ್ತದೆಯೇ ಗಮನಿಸಿ. ಹತ್ತು ನಿಮಿಷ ಹಾಡು ಬಂದ್.

ಬೆಲೆ ಮಾತಾಡುವಾಗ ಒಂದು ಅಂಶ ಕೈಯಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೂ ಹಳೆಯದಕ್ಕೆ ಹಿಂದಿನ ರೇಟ್ ಹೇಳುವವರಿದ್ದಾರೆ.

ಕಾಗದದಲ್ಲಿ ಮೊದಲು ನೋಡಬೇಕಾದದ್ದು ಆರ್‌ಸಿಯಲ್ಲಿ ಸಾಲದ ನಮೂದು. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಬ್ಯಾಂಕ್ ಅಥವಾ ಸೊಸೈಟಿಯ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಹೆಸರು ವರ್ಗಾವಣೆಗೆ ಫಾರ್ಮ್ 29, 30. ಹಳದಿ ಬೋರ್ಡಿನಿಂದ ಬಿಳಿಗೆ ಬದಲಾದ ಗಾಡಿಯೇ ಎಂಬುದು ಆರ್‌ಟಿಒ ದಾಖಲೆಯಲ್ಲಿ ಗೊತ್ತಾಗುತ್ತದೆ. ಬಾಕಿ ದಂಡ ಇದೆಯೇ ಎಂದೂ ಆನ್‌ಲೈನಿನಲ್ಲಿ ನೋಡಬಹುದು. 2011ರಲ್ಲಿ ನೋಂದಣಿಯಾದ ಲಿವಾಗಳಿಗೆ 2026ಕ್ಕೆ 15 ವರ್ಷ ತುಂಬುತ್ತದೆ. ಆಗ ಗಾಡಿ ತೋರಿಸಿ ನೋಂದಣಿ ನವೀಕರಿಸಬೇಕು, ಶುಲ್ಕವೇ 5,000 ರೂಪಾಯಿ. ಅಡಿ ತುಕ್ಕು ಹಿಡಿದ ಗಾಡಿಯನ್ನು ಈ ಕಾರಣಕ್ಕೇ ಅವಸರದಲ್ಲಿ ಮಾರುವವರಿರುತ್ತಾರೆ. ನವೀಕರಣ ಮಾಡಿಸಿಕೊಟ್ಟರೆ ತೆಗೊಳ್ಳುತ್ತೇನೆ ಎನ್ನುವುದು ಒಳ್ಳೆಯ ಉಪಾಯ.

ಮಾರುವವರಿಗೂ ಒಂದು ಮಾತು. ಪರಿಚಯದವರು, ಆಮೇಲೆ ಮಾಡಿಸಿಕೊಳ್ಳುತ್ತಾರೆ ಎಂದು ಸಹಿ ಹಾಕಿದ ಫಾರ್ಮ್ ಕೊಟ್ಟು ಬಿಡುವುದು ಊರಿನ ಪದ್ಧತಿ. ಗಾಡಿ ಕೊಟ್ಟರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತ ಪರಿಹಾರದ ಹೊಣೆ ಹಳೆ ಮಾಲಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಇರುವುದೂ ಅದೇ 14 ದಿನ. ಹಳಬರ ನೋ ಕ್ಲೇಮ್ ಬೋನಸ್ ಹೊಸಬರಿಗೆ ಬರುವುದಿಲ್ಲ, ಹಾಗಾಗಿ ಆ ವ್ಯತ್ಯಾಸದ ಹಣವನ್ನು ವಿಮಾ ಕಂಪನಿಗೆ ಕಟ್ಟಬೇಕಾಗುತ್ತದೆ. ಅದನ್ನೂ ಮೊದಲೇ ವಿಚಾರಿಸಿ ಗಾಡಿಯ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.