ಕೆಟ್ಟುದೇಕೆ? ಕೆಡಿಸಿದವರಾರು?

ಮನೆಯಲ್ಲಿ ಯಾವುದಾದರೊಂದು ವಸ್ತುವು ಕೆಟ್ಟಿತೆಂದರೆ, ಕೆಟ್ಟುದೇಕೆಂದು ವಿಚಾರಿಸುವುದಕ್ಕೆ ಮೊದಲೇ ಕೆಡಿಸಿದವರಾರೆಂದು ಕೇಳುವುದು ನಮ್ಮೆಲ್ಲರ ವಾಡಿಕೆಯಾಗಿದೆ. ಈ ಎರಡು ಪ್ರಶ್ನೆಗಳ ನಡುವಣ ಅಂತರವನ್ನು ಕಳೆದ ಬೇಸಗೆಯಲ್ಲಿ ನೆಲೋಗಿಯ ನಮ್ಮ ಮನೆಯಲ್ಲಿಯೇ ಕಂಡೆನು; ಅದನ್ನು ವಾಚಕರ ಮುಂದಿಡುತ್ತೇನೆ.

ರಜೆಗೆಂದು ಕಲಬುರಗಿಯಿಂದ ಬಂದ ಮೊಮ್ಮಗನು ತನ್ನ ಕಂಪ್ಯೂಟರನ್ನೂ, ಅದಕ್ಕೆ ಜೋಡಿಸಿ ಆಡುವ ಗೇಮ್ ಕಂಟ್ರೋಲರನ್ನೂ ತಂದಿದ್ದನು. ನೆರೆಮನೆಯ ಹುಡುಗನು ನಿತ್ಯವೂ ಬಂದು ಅವನೊಡನೆ ಆಡುತ್ತಿದ್ದನು. ಒಂದು ಸಂಜೆ ಕಂಟ್ರೋಲರು ಆ ಹುಡುಗನ ಕೈಜಾರಿ ಚಾಪೆಯ ಮೇಲೆ ಬಿದ್ದಿತು. ಮರುದಿನ ಕಂಪ್ಯೂಟರು ಅದನ್ನು ಗುರುತಿಸದಾಯಿತು. “ಮುತ್ಯಾ, ಅವನೇ ಕೆಡಿಸ್ಯಾನ!” ಎಂದು ಮೊಮ್ಮಗನು ಕೂಗಿದನು. ಹುಡುಗನು ತಲೆ ತಗ್ಗಿಸಿ ಹೊರಟುಹೋದನು. ಸಂಜೆಗೆ ಅವನ ತಂದೆಯು ಬಂದನು. ಪರರ ಹೊಲದಲ್ಲಿ ದುಡಿಯುವವನು. “ಮಾಸ್ತರ್ರ, ಅದರ ರೊಕ್ಕ ಎಷ್ಟಾಗ್ತದ್ರೀ?” ಎಂದು ಅವನು ಕೇಳಿದಾಗ ನನ್ನ ಮನಸ್ಸು ಕುಗ್ಗಿತು. “ನಾಳೆಯವರೆಗೆ ತಡೆಯಪ್ಪಾ” ಎಂದು ಹೇಳಿ ಕಳುಹಿದೆನು.

ಕಾಗೆಯು ಕೂತೊಡನೆ ತಾಳೆಯ ಹಣ್ಣು ಬಿದ್ದರೆ, ಕಾಗೆಯೇ ಕಾರಣವೆನ್ನಲಾಗದು. ಇದನ್ನೇ ನಮ್ಮ ಹಿರಿಯರು ಕಾಕತಾಲೀಯವೆಂದರು. ಕಾರಣವನ್ನು ನಿಶ್ಚಯಿಸಲು ಅನ್ವಯವೂ ವ್ಯತಿರೇಕವೂ ಬೇಕು: ಅದಿದ್ದಲ್ಲಿ ದೋಷವಿರಬೇಕು, ಅದಿಲ್ಲದಲ್ಲಿ ದೋಷವಿರಬಾರದು. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷೆಗೆ ತೊಡಗಿದೆನು.

ವಿಂಡೋಸ್ ಕೀಲಿಯನ್ನೂ ‘ಆರ್’ ಅಕ್ಷರವನ್ನೂ ಒಟ್ಟಿಗೆ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ‘ಜೆ-ಒ-ವೈ’ ಎಂದೂ, ಒಂದು ಚುಕ್ಕೆಯನ್ನೂ, ಬಳಿಕ ‘ಸಿ-ಪಿ-ಎಲ್’ ಎಂದೂ ಬರೆದರೆ, ಜೋಡಿಸಿರುವ ಕಂಟ್ರೋಲರುಗಳ ಪಟ್ಟಿಯು ಕಾಣುವುದು. ನಮ್ಮದರ ಹೆಸರು ಅಲ್ಲಿರಲಿಲ್ಲ. ಆದರೆ ಅದರ ದೀಪವು ಮಿನುಗುತ್ತಿತ್ತು. ಅಂದಮೇಲೆ ವಿದ್ಯುತ್ತು ತಲುಪುತ್ತಿದೆ, ಸಂದೇಶವು ತಲುಪುತ್ತಿಲ್ಲ. ಯು.ಎಸ್.ಬಿ. ಕಿಂಡಿಯನ್ನು ಬದಲಿಸಿದೆವು, ಫಲವಾಗಲಿಲ್ಲ. ಕೇಬಲನ್ನು ಬದಲಿಸಿದೊಡನೆ ಹೆಸರು ಮೂಡಿತು! ಹಳೆಯ ಕೇಬಲನ್ನು ಮರಳಿ ಹಾಕಿದೆವು, ಹೆಸರು ಮಾಯವಾಯಿತು.

ಸಾಮಾನ್ಯ ಯು.ಎಸ್.ಬಿ. ಕೇಬಲಿನಲ್ಲಿ ವಿದ್ಯುತ್ತಿಗೆ ಎರಡು, ಸಂದೇಶಕ್ಕೆ ಎರಡು, ಹೀಗೆ 4 ತಂತಿಗಳಿರುವುವು. ಬರಿಯ ಚಾರ್ಜಿಂಗಿಗೆಂದು ಮಾಡಿದ ಅಗ್ಗದ ಕೇಬಲುಗಳಲ್ಲಿ ಸಂದೇಶದ ತಂತಿಗಳೇ ಇರುವುದಿಲ್ಲ. ಹಿಂದಿನ ರಾತ್ರಿ ಮೊಮ್ಮಗನೇ ತನ್ನ ಕೇಬಲನ್ನು ಅತ್ತೆಯ ಮೊಬೈಲಿಗೆ ಕೊಟ್ಟು, ಅಂತಹದೊಂದನ್ನು ಇದಕ್ಕೆ ಸಿಕ್ಕಿಸಿದ್ದನು!

ಪಟ್ಟಿಯಲ್ಲಿ ಹೆಸರಿದ್ದೂ ಆಟವು ಸಾಗದಿದ್ದರೆ, ‘ಪ್ರಾಪರ್ಟೀಸ್’ ಎಂಬುದನ್ನು ಒತ್ತಿ, ಒಂದೊಂದೇ ಗುಂಡಿಯನ್ನು ಪರೀಕ್ಷಿಸಬೇಕು. ಅಲ್ಲಿ ಎಲ್ಲವೂ ಸರಿಯಿದ್ದರೆ ದೋಷವನ್ನು ಆಟದ ಸೆಟ್ಟಿಂಗಿನಲ್ಲಿ ಹುಡುಕತಕ್ಕದ್ದು. ಲಾಜಿಟೆಕ್ ಎಫ್ 310 ರಂತಹವುಗಳ ಹಿಂಬದಿಯಲ್ಲಿ ‘ಎಕ್ಸ್’, ‘ಡಿ’ ಎಂಬ ಎರಡು ಸ್ಥಾನಗಳ ಸ್ವಿಚ್ಚಿರುವುದು. ಹೊಸ ಆಟಗಳಿಗೆ ಸಾಮಾನ್ಯವಾಗಿ ‘ಎಕ್ಸ್’ ಬೇಕು. ಕೈ ಮುಟ್ಟದಿದ್ದರೂ ಕೂಡುಗುರುತು ನಡುವಿನಿಂದ ಸರಿಯುತ್ತಿದ್ದರೆ ಅದು ಸ್ಟಿಕ್ಕಿನ ಸವೆತವಾಗಿರಬಹುದು. ಹಲವು ಸ್ಟಿಕ್ಕುಗಳೊಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆಯು ಉಜ್ಜುತ್ತಿರುವುದರಿಂದ ಅವು ಕಾಲಕ್ರಮದಲ್ಲಿ ಸವೆಯುವುವು. ‘ಕ್ಯಾಲಿಬ್ರೇಟ್’ ಮಾಡುವುದರಿಂದ ಅಲ್ಪದೋಷವು ಸರಿಹೋಗಬಹುದು. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ತತ್ತ್ವವನ್ನು ಅನುಸರಿಸಿ, ಅಯಸ್ಕಾಂತದಿಂದ ಕೆಲಸಮಾಡುವ ಸ್ಟಿಕ್ಕುಗಳಲ್ಲಿ ಈ ಉಜ್ಜುವಿಕೆಯಿಲ್ಲ.

ಮೊಮ್ಮಗನು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ ತಾನೇ ಎದ್ದು ನೆರೆಮನೆಗೆ ಹೋದನು. ಏನು ಹೇಳಿದನೋ ನಾನು ಕೇಳಲಿಲ್ಲ. ಮರಳಿ ಬರುವಾಗ ಇಬ್ಬರೂ ಜೊತೆಯಲ್ಲಿದ್ದರು. ಕೇಬಲಿನ ಬೆಲೆ ಅಲ್ಪವೇ ಸರಿ. ಆದರೆ ನಾವು ಪರೀಕ್ಷಿಸದೆ ಬಿಟ್ಟಿದ್ದರೆ, ಮಾಡದ ತಪ್ಪಿಗೆ ಒಬ್ಬ ಬಡವನ ಕೂಲಿಯ ರೊಕ್ಕವು ನಮ್ಮ ಮನೆಗೆ ಬರುತ್ತಿತ್ತು.